ಫ್ರೀಜರಿನಲ್ಲಿಟ್ಟ ನೆಲ

ಅವರ ಎಡಗೈಯ ಕಿರುಬೆರಳು ಅರ್ಧಕ್ಕೇ ಮುಗಿಯುತ್ತಿತ್ತು. ಉಳಿದರ್ಧ ಸೈಬೀರಿಯದ ಚಳಿಗೆ ಹೋಗಿತ್ತು. ನಾವಿರುವ ಕೊಲ್ಲಿ ದೇಶದ ರಿಗ್ಗೈಯಲ್ಲಿ, ಜುಲೈ ಬಿಸಿಲಿಗೆ ಕಾರಿನ ಬಾಗಿಲು ಮುಟ್ಟಿ ನಾವೆಲ್ಲ ಕೈ ಸುಟ್ಟುಕೊಳ್ಳುವಾಗ ಅವರು ಆ ಮೋಟು ಬೆರಳಿಗೆ ಬಾಯಿಂದ ಬಿಸಿಯುಸಿರು ಊದುತ್ತಿದ್ದರು. ‘ಇದು ಇನ್ನೂ ಅಲ್ಲೇ ಇದೆ ಕಣಮ್ಮ. ತಣ್ಣಗೆ ಕೊರೆಯುತ್ತೆ’ ಅನ್ನುವರು.

ನಮ್ಮ ಪಕ್ಕದ ಫ್ಲಾಟಿನ ಎಂಜಿನಿಯರ್ ಅಂಕಲ್. ಮೈಸೂರು ಕಡೆಯವರು, ಒಂಟಿ ಜೀವ. ಇಲ್ಲೇ ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಕೆಲಸ. ಅದಕ್ಕೂ ಮೊದಲು ಸೈಬೀರಿಯದಲ್ಲಿ ಪೈಪ್‌ಲೈನ್ ಹಾಕಿಸುತ್ತಿದ್ದರು. ಅಲ್ಲಿಂದ ಐಸ್ ಪೆಟ್ಟಿಗೆಯಲ್ಲಿ ತಂದ ಒಂದು ಹಿಡಿ ನೆಲ ಅವರ ಫ್ರೀಜರಿನಲ್ಲಿ, ಉಪ್ಪಿನಕಾಯಿ ಬಾಟಲಿಯೊಳಗಿತ್ತು. ಕಪ್ಪು ಮಣ್ಣು, ನಡುನಡುವೆ ಬಿಳಿ ಮಂಜಿನ ಗೆರೆ, ಒಂದು ಹುಲ್ಲಿನ ಬೇರು.

‘ಸಾವಿರಾರು ವರ್ಷದಿಂದ ಕರಗದ ನೆಲ ಇದು. ಸತ್ತ ಹುಲ್ಲು ಕೊಳೀದೆ ಹಾಗೇ ಕೂತಿದೆ. ಕರಗಿದರೆ ಒಳಗಿನ ಕ್ರಿಮಿಗಳು ಎದ್ದು ತಿನ್ನೋಕೆ ಶುರು ಮಾಡ್ತವೆ, ಅನಿಲ ಬಿಡ್ತವೆ. ಅದರಿಂದ ಭೂಮಿ ಇನ್ನಷ್ಟು ಕಾಯುತ್ತೆ, ಇನ್ನಷ್ಟು ನೆಲ ಕರಗುತ್ತೆ. ನಾವಿಲ್ಲಿ ಎಣ್ಣೆ ಎತ್ತಿ ಸುಡ್ತೀವಿ, ಅಲ್ಲಿ ಅದು ಏಳುತ್ತೆ. ಎರಡೂ ಕಡೆ ದುಡಿದೋನು ನಾನು.’

ಹೃದಯದ ಆಪರೇಷನ್ನಿಗೆ ಊರಿಗೆ ಹೊರಟಾಗ ಆ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ‘ಏನೇ ಆಗ್ಲಿ, ಕರಗೋಕೆ ಮಾತ್ರ ಬಿಡಬೇಡಮ್ಮ’ ಎಂದರು. ಆಯ್ತು ಅಂಕಲ್ ಎಂದೆ. ಒಂದು ಹಿಡಿ ಮಣ್ಣಿಗೆ ಇಷ್ಟೊಂದು ರಂಪವೇ ಎಂದು ಒಳಗೊಳಗೇ ನಗುವೂ ಬಂತು.

ಮಗಳ ಹುಟ್ಟುಹಬ್ಬಕ್ಕೆ ನನ್ನ ಗಂಡ ಒಂದು ಇಡೀ ಅಂಜಲ್ ಮೀನು ತಂದರು. ‘ಇದೆಂತ ಮಾರಾಯ್ತಿ, ಮೀನಿಡಲಿಕ್ಕೆ ಜಾಗ ಇಲ್ಲ, ಮಣ್ಣಿಗೆ ಜಾಗ ಉಂಟಾ?’ ಎಂದರು. ಒಂದು ಗಳಿಗೆ ತಾನೇ ಎಂದುಕೊಂಡು ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟೆ. ನೆಂಟರ ಗಲಾಟೆಯಲ್ಲಿ ಮರೆತೇಬಿಟ್ಟೆ, ಮೂರ್ಖಿ!

ಸಂಜೆ ಅಡುಗೆಮನೆಗೆ ಹೋದರೆ ಟಿಕ್, ಟಿಕ್ ಸದ್ದು. ನಲ್ಲಿ ಮುಚ್ಚಿಯೇ ಇತ್ತು. ಬಾಟಲಿಯ ಕೆಸರಿನಿಂದ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಬಿಗಿದಿದ್ದ ಮುಚ್ಚಳದ ಸಂದಿಯಿಂದ ಹಳೇ ಕೆರೆಯ ವಾಸನೆ. ನನ್ನ ಅಡುಗೆಮನೆಯಲ್ಲಿ ಯಾರೋ ಉಸಿರಾಡುತ್ತಿದ್ದಾರೆ ಅನಿಸಿತು. ಮೀನು ಹೊರಗೆಸೆದು, ಬಾಟಲಿ ಒಳಗಿಟ್ಟು, ಯಾರಿಗೂ ಹೇಳದೆ ಸುಮ್ಮನಾದೆ.

ತಿಂಗಳ ಮೇಲೆ ಅಂಕಲ್ ಬಂದರು, ಸೊರಗಿ ಕಡ್ಡಿಯಾಗಿದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿದರು. ಮಂಜಿನ ಗೆರೆಗಳಿರಲಿಲ್ಲ, ಮಣ್ಣೆಲ್ಲ ತಳದಲ್ಲಿ, ಮೇಲೆ ಬರೀ ಮಂಜುಗಡ್ಡೆ.

‘ಎದ್ದಿತ್ತಲ್ವಾ?’

‘ಇಲ್ಲ ಅಂಕಲ್’ ಎಂದೆ.

ಅವರು ಬಯ್ಯಲಿಲ್ಲ. ಮೋಟು ಬೆರಳಿಂದ ಗಾಜನ್ನು ಸವರಿದರು. ‘ಮತ್ತೆ ಗಟ್ಟಿ ಮಾಡಬಹುದಮ್ಮ. ಹೊರಗೆ ಹೋದ ಉಸಿರನ್ನ ವಾಪಸ್ ತುಂಬೋಕಾಗಲ್ಲ’ ಎಂದು ಬಾಟಲಿಯನ್ನು ನನ್ನ ಕೈಗೇ ಕೊಟ್ಟರು. ‘ನಿನ್ನ ಹತ್ರನೇ ಇರಲಿ. ಅದರ ಸದ್ದು ಕೇಳಿದೋಳು ನೀನು.’

ಮುಂದಿನ ಚಳಿಗಾಲಕ್ಕೆ ಅವರು ತೀರಿಕೊಂಡರು. ತಪ್ಪಾಯ್ತು ಎಂದು ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಈಗ ಬೇಸಿಗೆಯಲ್ಲಿ ಕರೆಂಟ್ ಹೋದರೆ ಮನೆಯವರೆಲ್ಲ ಎಸಿಗಾಗಿ ಪರದಾಡುತ್ತಾರೆ. ನಾನು ಬೆವರು ಸುರಿಸುತ್ತ ಫ್ರೀಜರಿನ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತೇನೆ. ‘ಇಲ್ಲ ಅಂಕಲ್, ಇನ್ನೂ ಎದ್ದಿಲ್ಲ’ ಎನ್ನುತ್ತೇನೆ. ಈ ಸಲ ಅದು ನಿಜವಾಗಿರಲಿ ಎಂದು ಬೇಡಿಕೊಳ್ಳುತ್ತೇನೆ.