ಹೇಳಿದವರ ಹೆಸರು ತಿಳಿಯದು

ಎಪ್ಪತ್ತೆಂಟನೇ ಇಸವಿ, ಚೌತಿ ಕಳೆದು ನಾಲ್ಕನೇ ದಿನ. ನಮ್ಮನೆಯವರು ಅಂಗಳದಲ್ಲಿ ಕೂತು ಹರಿದ ಬಲೆ ಕಟ್ಟುತ್ತಿದ್ದರು. ವೆಂಕಟ್ರಮಣ ಮಾಸ್ತರು ಬಂದು ಮಣೆ ಎಳೆದುಕೊಂಡರು. ನಮ್ಮೂರು ಅಘನಾಶಿನಿಯ ಶಾಲೆಯಲ್ಲಿ ಕಲಿಸುತ್ತಿದ್ದವರು. ಎಲ್ಲೋ ದೊಡ್ಡ ಊರಲ್ಲಿ ಕನ್ನಡದ ಡಿಕ್ಷನರಿ ಮಾಡುತ್ತಿದ್ದರಂತೆ, ಅದಕ್ಕೆ ದೋಣಿಯವರ ಮಾತು ಬೇಕಿತ್ತಂತೆ. ಮಾಸ್ತರು ಕೇಳಿ ಕೇಳಿ ಒಂದು ಚೀಟಿಗೆ ಒಂದು ಮಾತು ಬರೆಯುತ್ತಿದ್ದರು.

"ಅಡಿಸೆಳೆ ಅಂದ್ರೆ ಎಂತ ಸೋಮ?"

"ಅಳಿವೆಲಿ ಮೇಲೆ ನೀರು ಸುಮ್ನೆ ಇರ್ತದೆ ಮಾಸ್ತರೇ. ಅಡಿಗೆ ಕಾಲು ಹಿಡ್ದು ಸಮುದ್ರಕ್ಕೆ ಎಳೀತದೆ. ಅದು."

"ಮತ್ತ್ಯಾರು ಹೀಗೆ ಹೇಳ್ತ್ರು?"

"ನಮ್ಮಪ್ಪ ಹೇಳ್ತಿದ್ದ. ಅವ ಸತ್ತ. ಕೇಳೂದಾರೆ ನೀವು ಅಲ್ಲಿಗೇ ಹೋಗ್ಬೇಕು."

ಮಾಸ್ತರು ನಕ್ಕರು. ನಾನೂ ನಕ್ಕೆ. ಸಂಜೆ ಚಿಪ್ಪು ಬಿಡಿಸಿ ಬಳಚು ಸುಕ್ಕ ಮಾಡಿದೆ, ಖಾರ ಜಾಸ್ತಿಯಾಯಿತು ಎಂದು ಬೈಸಿಕೊಂಡೆ.

ಮರುದಿನ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಮೂವರು ಈಜಿ ಬಂದರು. ನಮ್ಮವರು ಬರಲಿಲ್ಲ.

ತಿಂಗಳೂ ಆಗಿರಲಿಲ್ಲ, ಡಿಕ್ಷನರಿ ಕಡೆಯವನೊಬ್ಬ ಮಾಸ್ತರ ಚೀಟಿಗಳ ಕಟ್ಟು ಹಿಡಿದು ಬಂದ. ಮಾಸ್ತರಿಗೆ ಅಷ್ಟರಲ್ಲಿ ಭಟ್ಕಳಕ್ಕೆ ವರ್ಗ ಆಗಿತ್ತು.

"ಇದನ್ನೆಲ್ಲ ಹೇಳಿದ್ದು ಯಾರು?"

"ನಮ್ಮನೆಯವ್ರು. ತೀರ್ಕಂಡ್ರು."

"ಹೆಸರು?"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಬಾಯಲ್ಲಿ ಆಡುವುದಿಲ್ಲ. ರೇಷನ್ ಕಾರ್ಡು ಬರೆಸುವಾಗಲೂ ಆಚೆಮನೆ ತಿಮ್ಮಿಯೇ ನನ್ನ ಪರವಾಗಿ ಹೇಳಿದ್ದಳು. ಆ ದಿನ ಅವಳು ಮೀನು ಮಾರಲು ಕುಮಟೆಗೆ ಹೋಗಿದ್ದಳು. ನಾನು ನೆಲ ನೋಡುತ್ತ ನಿಂತೆ.

"ಸತ್ತವರ ಹೆಸರು ಹೇಳಿದ್ರೆ ಏನಾಗ್ತದಮ್ಮ?" ಎಂದು ನಕ್ಕ. ಏನೋ ಬರೆದುಕೊಂಡ. ಅವನಿಗೆ ಮಜ್ಜಿಗೆ ಕೊಟ್ಟೆ. ಈಗ ಆ ಮಜ್ಜಿಗೆ ನೆನೆದರೂ ಸಿಟ್ಟು ಬರುತ್ತದೆ.

ಏಳು ವರ್ಷದ ಮೇಲೆ ಪುಸ್ತಕ ಬಂತು. ಮಗಳು ಮಂಗಲಾ ಕುಮಟೆಯ ಲೈಬ್ರರಿಯಲ್ಲಿ ಹುಡುಕಿದಳು. ಅವಳಪ್ಪ ಹೇಳಿದ ಮಾತು ನಲವತ್ತರ ಮೇಲಿತ್ತು. ಪುಸ್ತಕದಲ್ಲಿ ಸಿಕ್ಕಿದ್ದು ಆರು. ಅಡಿಸೆಳೆ ಇಲ್ಲ. ಬಳಚು ಇದೆ. ಅದರ ಮುಂದೆ ಬರೆದದ್ದು, 'ಒಂದು ಬಗೆಯ ಮೀನು'.

ಮಗಳನ್ನು ಕರೆದುಕೊಂಡು ಭಟ್ಕಳದ ಬಸ್ಸು ಹತ್ತಿದೆ. ಮಾಸ್ತರ ಜಗುಲಿಯಲ್ಲಿ ಕೂರಲಿಲ್ಲ. ಸೆರಗಿನಿಂದ ಒಂದು ಬಳಚು ತೆಗೆದು ಅವರ ಮುಂದಿಟ್ಟೆ.

"ಇದ್ಕೆ ಬಾಲ ಉಂಟಾ ಮಾಸ್ತರೇ? ಕಣ್ಣುಂಟಾ? ಕೆಸರಲ್ಲಿ ಹುಗಿದುಕೊಂಡು ಇರೂ ಚಿಪ್ಪು ಇದು. ಮೀನು ಹೇಳಿ ಬರ್ದವ್ರು ಯಾರು?"

"ಹಿಂದಿನ ಒಂದು ಪುಸ್ತಕದಲ್ಲಿ ಹಾಗಿತ್ತು ದುರ್ಗಮ್ಮ. ಅದನ್ನೇ ತಕಂಡಿದ್ದಾರೆ."

"ಸುಳ್ಳಾದ್ರೂ ಅಚ್ಚಾಗಿದ್ರೆ ಆತು, ಹಂಗಾರೆ. ನಮ್ಮವ್ರ ಮಾತು ಎಲ್ಲಿಗೆ ಹೋತು?"

ಮಾಸ್ತರು ತಲೆ ತಗ್ಗಿಸಿ ಹೇಳಿದರು. ಡಿಕ್ಷನರಿಗೆ ಸೇರಲು ಮಾತು ಮೊದಲೇ ಎಲ್ಲಾದರೂ ಅಚ್ಚಾಗಿರಬೇಕು. ಇಲ್ಲವಾದರೆ ಹೆಸರು, ಊರು ಸಮೇತ ಇಬ್ಬರು ಆಡಿದ್ದು ಬೇಕು. ನಮ್ಮವರ ಚೀಟಿಗಳ ಮೇಲೆ ಅಂದು ಮನೆಗೆ ಬಂದವನು 'ಹೇಳಿದವರ ಹೆಸರು ತಿಳಿಯದು' ಎಂದು ಬರೆದಿದ್ದ. ಹಾಗೆ ಬರೆದ ಚೀಟಿಗಳನ್ನೆಲ್ಲ ತೆಗೆದುಹಾಕಿದ್ದರು.

"ನಿಮ್ಗೆ ಹೆಸರು ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಅವರೇ ಬಂದು ಬರ್ಕೊಳ್ತ್ರು ಅಂದ್ಕಂಡು ಚೀಟಿಲಿ ಬರೀದೇ ಬಿಟ್ಟೆ. ತಪ್ಪಾಯ್ತು."

"ಓದೂಕೇ ಬಾರದವ್ರ ಮಾತು ಯಾವ ಪುಸ್ತಕದಲ್ಲಿ ಅಚ್ಚಾಗಿರ್ಬೇಕು ಮಾಸ್ತರೇ?"

ಅವರು ಬಳಚನ್ನು ಕೈಗೆತ್ತಿ ತಿರುಗಿಸಿ ನೋಡಿದರು. ನಾನು ಅಲ್ಲಿದ್ದ ಪೆನ್ನು ಎತ್ತಿ ಅವರ ಮುಂದಿಟ್ಟೆ.

"ಬರೀರಿ. ಸೋಮ ಮಾಸ್ತಿ ಅಂಬಿಗ. ಊರು ಅಘನಾಶಿನಿ."

ಮಂಗಲಾ ಬೆಚ್ಚಿ ನನ್ನ ಕೈ ಹಿಡಿದಳು. ಮೂರನೇ ಇಯತ್ತೆ ಕಲಿತ ನಾನು, ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ಮೊದಲ ಸಲ ಆ ಹೆಸರು ಹೇಳಿದೆ. ಸಾವು ಬರಲಿಲ್ಲ, ಸಿಡಿಲು ಬೀಳಲಿಲ್ಲ. ಏಳು ವರ್ಷ ಮುಂಚೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳಬೇಡಿ. ನಾನೇ ಕೇಳಿಕೊಂಡು ಮುಗಿದಿಲ್ಲ.

ಮಾಸ್ತರು ಬರೆದುಕೊಂಡರು. "ಮುಂದಿನ ಮುದ್ರಣಕ್ಕೆ ಕಳಿಸ್ತೆ. ಆದರೆ ಇನ್ನೊಬ್ಬರು ಬೇಕು. ಈಗ್ಲೂ ಆಡೋರು ಇರ್ಬೇಕು."

"ನಾ ಎಂತ ಸತ್ತೆನಾ?" ಎಂದೆ.

ಮಾಸ್ತರು ನನ್ನ ಹೆಸರೂ ಬರೆದರು. ಕಾಗದ ಕಳಿಸಿ ಎರಡು ವರ್ಷವಾಯಿತು. ಆ ಕಡೆಯಿಂದ ಒಂದು ಕಾರ್ಡೂ ಇಲ್ಲ.

ಈಗ ಬೆಳಗಾದರೆ ಬಳಚು ತೆಗೆಯಲು ಹೆಂಗಸರು ಹತ್ತು ಮಂದಿ ಹೊಳೆಗೆ ಇಳಿಯುತ್ತೇವೆ. ಮೊದಲು ನಾನೊಬ್ಬಳೇ ಸೊಂಟದವರೆಗೆ ಹೋಗುತ್ತೇನೆ. ಬಿದಿರ ಗಳ ಅಡಿಗೆ ಊರಿ ನಿಲ್ಲುತ್ತೇನೆ. ಗಳ ಅಳಿವೆ ಕಡೆ ವಾಲಿದರೆ 'ಅಡಿಸೆಳೆ' ಎಂದು ಕೂಗಿ ಹೇಳುತ್ತೇನೆ. ಅವರು ದಡದಲ್ಲೇ ಕೂರುತ್ತಾರೆ. ವಾಲದಿದ್ದರೆ ಕೈ ಎತ್ತುತ್ತೇನೆ, ಅವರು ಬುಟ್ಟಿ ಹಿಡಿದು ಇಳಿಯುತ್ತಾರೆ.