ಮಾರದೆ ಉಳಿದ ಐವತ್ತಾರು

ಕುವೈತಿನ ಒಂದು ಆಸ್ಪತ್ರೆಯ ಹೆಂಗಸರ ಮೂಳೆ ವಾರ್ಡಿನಲ್ಲಿ ನಾನು ಒಂದು ಸಲ ಲಾಟರಿ ನಡೆಸಿದ್ದೇನೆ. ಆ ದೇಶದಲ್ಲಿ ಜೂಜು ಅಪರಾಧ. ಅದು ಗೊತ್ತಿದ್ದೇ, ಒಂದು ಫಿಲ್ಸ್ ಕಾಸು ಕೂಡ ಕೈಯಿಂದ ಕೈಗೆ ಹೋಗದ ಹಾಗೆ ಏರ್ಪಾಡು ಮಾಡಿದ್ದೆ. ಕೈಯಿಂದ ಕೈಗೆ ಹೋದದ್ದು ನೀರುದೋಸೆ, ಕೋರಿರೊಟ್ಟಿ, ಬಂಗುಡೆ ಪುಳಿಮುಂಚಿ. ಬಹುಮಾನ, ಡಿಸೆಂಬರ್ ಮಧ್ಯದಿಂದ ಒಂದು ತಿಂಗಳ ರಜೆ.

ವಾರ್ಡಿನಲ್ಲಿ ನಾವು ಕರಾವಳಿಯ ನರ್ಸುಗಳು ನಾಲ್ವರಿದ್ದೆವು. ಡಿಸೆಂಬರಿನಲ್ಲಿ ನಾಲ್ವರಿಗೂ ಊರಿಗೆ ಹೋಗಬೇಕು. ಶಿರ್ವದವಳಿಗೆ ಯಾಕೆಂದರೆ, ಅವಳಿಲ್ಲದಿದ್ದರೆ ಮನೆಯ ಕ್ರಿಸ್ಮಸ್ ತಿಂಡಿಯ ಹೆಸರೆಲ್ಲ ಅತ್ತಿಗೆ ಹೊಡೆದುಕೊಳ್ಳುತ್ತಾಳೆ. ಉಳ್ಳಾಲದವಳು ಬ್ಯಾರಿ ಮುಸ್ಲಿಂ ಮನೆತನದವಳು, ಅವಳಿಗೆ ಕ್ರಿಸ್ಮಸ್ ಇಲ್ಲ. ಆದರೆ ಅವಳ ಮಕ್ಕಳ ಕಾನ್ವೆಂಟ್ ಶಾಲೆಗೆ ಕ್ರಿಸ್ಮಸ್ ರಜೆ ಉಂಟು. ನಮ್ಮೆಲ್ಲರಿಗಿಂತ ಹಿರಿಯರಾದ ಕಾರ್ಕಳದ ಅಕ್ಕನನ್ನು ಕೇಳಿದರೆ, "ನನಗೆ ಎಂತದೂ ಇಲ್ಲ. ಮನೆಗೆ ಹೋಗಿ ನಿದ್ದೆ ಮಾಡಬೇಕು" ಎಂದರು. ಇದೂ ಒಂದು ಕಾರಣವಾ ಅಂತ ಶಿರ್ವದವಳಿಗೆ ಕೆಂಡದಷ್ಟು ಕೋಪ ಬಂತು.

ನನ್ನ ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ. ನಮ್ಮ ಪಪ್ಪ ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮರದ ಪೆಟ್ಟಿಗೆಯಂಥ ಅಂಗಡಿಯಲ್ಲಿ ರಾಜ್ಯ ಲಾಟರಿಯ ಟಿಕೇಟು ಮಾರುತ್ತಿದ್ದರು. ಹೊಸವರ್ಷದ ಬಂಪರಿನಲ್ಲಿ ಮಾರದೆ ಉಳಿದ ಟಿಕೇಟುಗಳನ್ನು ಮನೆಗೆ ತಂದು, ಕ್ರಿಸ್ಮಸಿಗೆ ಕಟ್ಟಿದ ಗೋದಲಿಯಲ್ಲಿ ಬಾಲಯೇಸುವಿನ ಕಾಲ ಬುಡದಲ್ಲಿ ಇಡುತ್ತಿದ್ದರು. ಡ್ರಾದ ಮರುದಿನ ಪೇಪರ್ ಬಂದ ಮೇಲೆ ಟಿಕೇಟುಗಳನ್ನು ನಮಗೆಲ್ಲ ಹಂಚಿ, ನಂಬರನ್ನು ಒಂದೊಂದೇ ಅಂಕಿ ಓದುತ್ತಿದ್ದರು, ಅದೂ ಕೊನೆಯಿಂದ. "ಮುಂದಿನಿಂದ ನೋಡಿದರೆ ಒಂದೇ ಏಟಿಗೆ ಆಸೆ ಸಾಯ್ತದೆ. ಹಿಂದಿನಿಂದ ನೋಡಿದರೆ ನಿಧಾನ ಸಾಯ್ತದೆ" ಎನ್ನುತ್ತಿದ್ದರು. ಕುವೈತಿಗೆ ಬಂದ ಎಂಟು ವರ್ಷಗಳಲ್ಲಿ ನನಗೆ ರಜೆ ಸಿಕ್ಕಿದ್ದೆಲ್ಲ ಆಗಸ್ಟಿನಲ್ಲಿ. ಆ ಪೇಪರ್ ಓದುವ ಬೆಳಿಗ್ಗೆಗೆ ನಾನು ಒಂದು ಸಲವೂ ಇರಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಸಲ ಆ ರಜೆಗಾಗಿ ನಾನು ಯಾರ ಕಣ್ಣಿಗೆ ಬೇಕಾದರೂ ಮಣ್ಣೆರಚಲು ತಯಾರಿದ್ದೆ.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಕೇರಳದವರು. ನಮ್ಮ ಜಗಳ ಕೇಳಿ ಸಾಕಾಗಿ, "ಡಿಸೆಂಬರ್ ಮೇ ಏಕ್ ಹೀ ಲೀವ್, ಒಬ್ಬರಿಗೆ ಮಾತ್ರ. ನೀವೇ ಡಿಸೈಡ್ ಮಾಡಿ ಹೇಳಿ. ಇನ್ನು ಫೈಟ್ ಮಾಡಿದರೆ ಅದೂ ಇಲ್ಲ, ಖಲಾಸ್!" ಎಂದರು.

ಆಗಲೇ ನಾನು ಲಾಟರಿಯ ಮಾತು ತೆಗೆದದ್ದು. ಸರಕಾರದ ಲಾಟರಿಯ ಮರ್ಮವೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಟಿಕೇಟಿನ ಮೇಲೆ ಸೀರೀಸಿನ ಅಕ್ಷರ, ಅದರ ಪಕ್ಕ ಆರು ಅಂಕಿ. ಡ್ರಾದ ದಿನ ನಾಲ್ಕು ಜನ ಮರ್ಯಾದಸ್ಥರ ಎದುರು ಅಂಕಿಯ ಚಕ್ರಗಳನ್ನು ತಿರುಗಿಸುತ್ತಾರೆ. ಆರಕ್ಕೆ ಆರೂ ಕೂಡಿಬಂದರೆ ಮೊದಲ ಬಹುಮಾನ, ಕೊನೆಯ ನಾಲ್ಕಕ್ಕೆ ಸಣ್ಣದು, ಕೊನೆಯ ಎರಡಕ್ಕೆ ಟಿಕೇಟಿನ ದುಡ್ಡು ಹಿಂದೆ ಬಂದಷ್ಟು ಸಮಾಧಾನ. ನಮ್ಮದು ಬಡ ಸರಕಾರ, ಎರಡೇ ಅಂಕಿ ಸಾಕು ಎಂದೆ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು ಟಿಕೇಟು. ಹಳೆಯ ಜ್ವರದ ಚಾರ್ಟುಗಳ ಬೆನ್ನಿಗೆ ನಾನೇ ಬರೆದು, ಕತ್ತರಿಸಿ, ವಾರ್ಡಿನ ಸೀಲು ಒತ್ತಿದೆ. ಒಂದು ಟಿಕೇಟಿಗೆ ಬೆಲೆ ಒಂದು ಡಬ್ಬಿ ಊಟ, ಡ್ಯೂಟಿ ರೂಮಿನಲ್ಲಿ ಎಲ್ಲರಿಗೂ ಸಾಲುವಷ್ಟು. ಹತ್ತು ಡಬ್ಬಿಗೆ ಒಂದು ಡಬ್ಬಿ ಏಜೆಂಟಿಗೆ, ಅಂದರೆ ನನಗೆ, ಕಮಿಷನ್.

"ಮತ್ತೆ ನೀನು ಎಷ್ಟು ತಗೊಳ್ತಿ?" ಉಳ್ಳಾಲದವಳು ಕೇಳಿದಳು.

"ಮಾರುವವರು ಕೊಳ್ಳಬಾರದು. ನಮ್ಮ ಪಪ್ಪ ಆಯುಷ್ಯದಲ್ಲಿ ಒಂದು ಟಿಕೇಟು ಕೊಂಡವರಲ್ಲ" ಎಂದೆ. ಅದು ಸತ್ಯವೇ.

"ಪಾಪ, ನಮಗೋಸ್ಕರ ಬಿಟ್ಟುಕೊಟ್ಟಳು" ಎಂದು ಶಿರ್ವದವಳ ಕಣ್ಣು ಒದ್ದೆಯಾಯಿತು. ನಾನು ತಲೆ ತಗ್ಗಿಸಿದೆ. ನಗು ತಡೆಯಲು ಬೇರೆ ದಾರಿಯಿರಲಿಲ್ಲ.

ಮುಂದಿನ ಆರು ವಾರ ಆ ವಾರ್ಡಿನಲ್ಲಿ ಆದ ಊಟ ಊರ ಮದುವೆಗಳಲ್ಲೂ ಆಗಿರಲಿಕ್ಕಿಲ್ಲ. ಶಿರ್ವದವಳು ಎಂಟು ತಾಸಿನ ಡ್ಯೂಟಿ ಮುಗಿಸಿ ಹೋಗಿ ಮಸಾಲೆ ಅರೆಯುತ್ತಿದ್ದಳು. ಪುಂಡಿಗಸಿ, ಕೋಳಿ ಸುಕ್ಕ, ಸಿಗಡಿ ಚಟ್ನಿ. ಉಳ್ಳಾಲದವಳು ಅಕ್ಕಿಯ ತೆಳು ರೊಟ್ಟಿ ಪತ್ತಿರ್, ಮಟನ್ ಸಾರು ತಂದರೆ ಕಾರಿಡಾರಿನ ಆ ತುದಿಯವರೆಗೆ ಪರಿಮಳ. ಸೊಂಟದ ಮೂಳೆ ಮುರಿದು ಮಲಗಿದ್ದ ಕುವೈತಿ ಮುದುಕಿಯೊಬ್ಬರಿದ್ದರು. ನಾವು ಅವರನ್ನು ಯುಮ್ಮಾ, ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದೆವು. ಮೂಗಿಗೆ ಪರಿಮಳ ಬಿದ್ದ ಕೂಡಲೇ ಅವರು ಕರೆಗಂಟೆ ಒತ್ತುತ್ತಿದ್ದರು. ಹೋಗಿ ನೋಡಿದರೆ ನೋವೂ ಇಲ್ಲ, ಜ್ವರವೂ ಇಲ್ಲ. "ಇವತ್ತು ಏನು?" ಎಂದು ಕೈಸನ್ನೆ.

ಕಾರ್ಕಳದ ಅಕ್ಕನಿಗೆ ಅಡುಗೆ ಬಾರದು. ನಾಲ್ಕು ವಾರ ಎಲ್ಲರದ್ದೂ ತಿಂದು ಕೈತೊಳೆದು, ಐದನೆಯ ವಾರ ಬೇಕರಿಯಿಂದ ಎರಡು ಖುಬ್ಬೂಸ್ ರೊಟ್ಟಿ, ಒಂದು ಡಬ್ಬಿ ಕಡಲೆಯ ಹುಮ್ಮುಸ್ ತಂದು ಮೇಜಿನ ಮೇಲಿಟ್ಟರು. "ನನಗೊಂದು ಟಿಕೇಟು ಕೊಡು."

"ಇದು ಅಡುಗೆಯಾ?" ಶಿರ್ವದವಳು ಕಿರುಚಿದಳು. "ಅಂಗಡಿಯ ಖುಬ್ಬೂಸಿಗೆ ಟಿಕೇಟು ಕೊಟ್ಟರೆ ನನ್ನ ಇಪ್ಪತ್ತು ಡಬ್ಬಿಗೆ ಎಂತ ಮರ್ಯಾದೆ?"

ನಾನು ಲಾಟರಿ ಇಲಾಖೆಯ ನಿರ್ದೇಶಕಿಯ ಗತ್ತಿನಲ್ಲಿ ತೀರ್ಪು ಕೊಟ್ಟೆ. "ಡಬ್ಬಿ ಅಂತ ಉಂಟು, ಅಡುಗೆ ಅಂತ ಇಲ್ಲ. ಕೊಡಬೇಕಾಗ್ತದೆ." ಒಂದು ಟಿಕೇಟಿಗೆ ಹೆದರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಕ್ಕ ಸೊನ್ನೆ ಆರು ಆರಿಸಿಕೊಂಡರು. ಇನ್ನೊಂದು ಬೇಡವಾ ಎಂದು ಕೇಳಿದರೆ, "ಹೊಡೆಯುವುದಿದ್ದರೆ ಒಂದಕ್ಕೇ ಹೊಡೀತದೆ ಮಾರಾಯ್ತಿ" ಎಂದು ಹೋಗಿ ಕುರ್ಚಿಯಲ್ಲೇ ತೂಕಡಿಸಿದರು.

ಮಾರಾಟ ಮುಗಿದಾಗ ಶಿರ್ವದವಳದ್ದು ಇಪ್ಪತ್ತಾರು, ಉಳ್ಳಾಲದವಳದ್ದು ಹದಿನೇಳು, ಅಕ್ಕನದ್ದು ಒಂದು. ಉಳಿದ ಐವತ್ತಾರು ನನ್ನ ಯೂನಿಫಾರ್ಮಿನ ಜೇಬಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಮಲಗಿದ್ದವು. ಲಾಟರಿ ಮಾರುವವರಿಗೆ ಮಾತ್ರ ಗೊತ್ತಿರುವ ಒಂದು ನಿಯಮವುಂಟು. ಡ್ರಾಕ್ಕೆ ಮೊದಲು ಹಿಂದಕ್ಕೆ ಕೊಡದೆ ಉಳಿದ ಟಿಕೇಟು ಮಾರುವವನದ್ದು. ಅದಕ್ಕೆ ಬಹುಮಾನ ಬಂದರೆ ಅವನದ್ದೇ. ಎಷ್ಟೋ ಅಂಗಡಿಯವರು ಹೀಗೆ ಉಳಿಕೆಯಿಂದ ಉದ್ಧಾರವಾದ ಕತೆ ನಾನು ಕೇಳಿ ಬೆಳೆದವಳು. ಒಂದು ಡಬ್ಬಿ ಬೇಯಿಸದೆ, ನೂರರಲ್ಲಿ ಐವತ್ತಾರು ಪಾಲು ನನ್ನದು.

ಡ್ರಾ ನಡೆದದ್ದು ಮಧ್ಯಾಹ್ನದ ಡ್ಯೂಟಿ ಬದಲಾಗುವ ಹೊತ್ತಿಗೆ, ಯುಮ್ಮಾನ ಮಂಚದ ಬಳಿ. ಎರಡು ಸ್ಟೀಲ್ ಟ್ರೇ, ಒಂದೊಂದರಲ್ಲಿ ಸಿರಪ್ ಬಾಟಲಿಯ ಹತ್ತತ್ತು ಮುಚ್ಚಳ, ಮುಚ್ಚಳದ ಒಳಗೆ ಅಂಕಿ, ಮೇಲೆ ಟವೆಲ್. ಮರ್ಯಾದಸ್ಥರ ಸ್ಥಾನದಲ್ಲಿ ಯುಮ್ಮಾ. "ಫುಲೂಸ್?" ಎಂದು ಹುಬ್ಬೇರಿಸಿದರು. ದುಡ್ಡಿಲ್ಲ ಯುಮ್ಮಾ, ಊಟ ಮಾತ್ರ, ಎಂದು ಇನ್‌ಚಾರ್ಜ್ ಸಿಸ್ಟರ್ ಅರಬಿಯಲ್ಲಿ ತಿಳಿಸಿದರು. "ಯಲ್ಲಾ" ಎಂದು ಮುದುಕಿ ಟವೆಲಿನ ಕೆಳಗೆ ಕೈಹಾಕಿದರು. ಮೊದಲ ಟ್ರೇಯಿಂದ ಎಂಟು. ಎರಡನೆಯದರಿಂದ ಮೂರು.

"ಎಂಬತ್ಮೂರು ಯಾರದ್ದು?" ಸಿಸ್ಟರ್ ಕೇಳಿದರು.

ಇಬ್ಬರೂ ತಮ್ಮ ಕಟ್ಟುಗಳನ್ನು ತಡಕಾಡಿದರು. ಅಕ್ಕ ತಡಕಾಡಲಿಲ್ಲ, ಅವರಿಗೆ ಇದ್ದದ್ದೇ ಒಂದು. ನಾನು ನಿಧಾನವಾಗಿ ಜೇಬಿನಿಂದ ಕಟ್ಟು ತೆಗೆದು, ರಬ್ಬರ್ ಬ್ಯಾಂಡ್ ಬಿಚ್ಚಿ, ಎಂಬತ್ಮೂರನ್ನು ಎತ್ತಿ ಹಿಡಿದೆ. ನಿಯಮ ವಿವರಿಸಿದೆ.

"ನೀನು ಒಂದು ಡಬ್ಬಿಯೂ ತರಲಿಲ್ಲ! ಕಮಿಷನ್ ಬೇರೆ ತಿಂದಿ!" ಶಿರ್ವದವಳು ತನ್ನ ಕಟ್ಟನ್ನು ಮಂಚದ ಮೇಲೆ ಕುಕ್ಕಿದಳು.

"ಸರಕಾರದ ನಿಯಮ ಮಾರಾಯ್ತಿ. ನಾನು ಮಾಡಿದ್ದಾ?"

ಉಳ್ಳಾಲದವಳು ಮಾತ್ರ ಹೊಟ್ಟೆ ಹಿಡಿದು ನಕ್ಕಳು. "ಯಾ ಅಲ್ಲಾ, ಇವಳು ನಮ್ಮನ್ನು ಅಡುಗೆಯವರನ್ನಾಗಿ ಮಾಡಿ ಊರಿಗೆ ಹೊರಟಳು!" ಸಿಸ್ಟರ್ ನಿಯಮ ಎಂದರೆ ನಿಯಮ ಎಂದು ನನಗೆ ರಜೆಯ ಫಾರಂ ಕೊಟ್ಟರು. ಸಂಜೆಯೊಳಗೆ ತುಂಬಿಸಿಟ್ಟೆ.

ಫೋನ್ ಕಾರ್ಡಿನ ನಂಬರ್ ಉಜ್ಜಿ ಮನೆಗೆ ಫೋನು ಮಾಡಿದೆ. ಕ್ರಿಸ್ಮಸಿಗೆ ಬರುತ್ತೇನೆ ಎಂದದ್ದೇ ತಡ, ಪಪ್ಪ ಆ ಕಡೆಯಿಂದ ಇಡೀ ಮನೆಗೆ ಕೇಳುವ ಹಾಗೆ ಕೂಗಿ ಹೇಳಿದರು. ಗೋದಲಿಗೆ ಈ ಸಲ ಹೊಸ ಕುರಿಮರಿ ತರುತ್ತೇನೆ ಎಂದರು. ಹಳೆಯದರ ಕಾಲು ಮುರಿದದ್ದು ನಾನು ಆರನೆಯ ಕ್ಲಾಸಿನಲ್ಲಿದ್ದಾಗ. ಆಮೇಲೆ ರಜೆ ಹೇಗೆ ಸಿಕ್ಕಿತು ಎಂದು ಕೇಳಿದರು. ನಾನು ಬಹಳ ಜಂಬದಿಂದ, ಉಪ್ಪು ಖಾರ ಹಚ್ಚಿ, ಐವತ್ತಾರು ಟಿಕೇಟಿನ ಕತೆ ಹೇಳಿದೆ. ನಿಮ್ಮ ವಿದ್ಯೆಯೇ ಪಪ್ಪಾ, ಎಂದೂ ಸೇರಿಸಿದೆ.

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಉಳಿದ ಟಿಕೇಟು ನನ್ನದಾಗುವುದು ಯಾಕೆ ಗೊತ್ತುಂಟಾ ಮಗಾ?" ಎಂದರು. "ಅದಕ್ಕೆಲ್ಲ ನಾನು ಮೊದಲೇ ದುಡ್ಡು ಕಟ್ಟಿ ತಂದಿರ್ತೇನೆ. ಮಾರಿ ಹೋಗದಿದ್ದರೆ ನಷ್ಟ ನನ್ನದು, ಅದಕ್ಕೆ ಬಂದರೆ ಬಹುಮಾನವೂ ನನ್ನದು. ನೀನು ಆ ಐವತ್ತಾರಕ್ಕೆ ಎಂತ ಕಟ್ಟಿದ್ದಿ?"

ನಾನು ಕಟ್ಟಿದ್ದು ರಬ್ಬರ್ ಬ್ಯಾಂಡ್ ಮಾತ್ರ.

"ಹಾಗಾದರೆ ಅದು ನಿನ್ನದಲ್ಲ" ಎಂದರು ಪಪ್ಪ. ಮೆಲ್ಲಗೆ ಹೇಳಿದರು, ಬೈಯಲಿಲ್ಲ. ಎರಡು ನಿಮಿಷದ ಹಿಂದೆ ಕುರಿಮರಿ ತರಲು ಹೊರಟಿದ್ದ ಮನುಷ್ಯ. ಈ ಮಾತು ಹೇಳಿದರೆ ಮಗಳು ಬರುವುದಿಲ್ಲ ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಆದರೂ ಹೇಳಿದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಫೋನು ಇಡುವಾಗ ಬೈ ಕೂಡ ಹೇಳಲಿಲ್ಲ.

ಎರಡು ದಿನ ಫಾರಂ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಐವತ್ತಾರು ಡಬ್ಬಿ ಬೇಯಿಸಿ ಸಾಲ ತೀರಿಸಿಬಿಡಲಾ ಎಂದೂ ಲೆಕ್ಕ ಹಾಕಿದೆ. ಡ್ರಾ ಮುಗಿದ ಮೇಲೆ ಕಟ್ಟುವ ದುಡ್ಡು ದುಡ್ಡಲ್ಲ ಅನ್ನುವುದೂ ನನಗೆ ಗೊತ್ತಿತ್ತು, ಅದೇ ದರಿದ್ರ. ಮೂರನೆಯ ದಿನ ಡ್ಯೂಟಿ ರೂಮಿನಲ್ಲಿ ಎಲ್ಲ ಒಪ್ಪಿಕೊಂಡು, ಕಟ್ಟನ್ನು ಮೇಜಿನ ಮೇಲಿಟ್ಟೆ. ಶಿರ್ವದವಳು ಮೊದಲು ಕೇಳಿದ್ದು ಕಮಿಷನ್ ತಿಂದ ನಾಲ್ಕು ಡಬ್ಬಿ ಯಾವಾಗ ವಾಪಸು ಕೊಡುತ್ತಿ ಎಂದು.

ಬಂಪರಿಗೆ ಬೇರೆ ನಿಯಮವುಂಟು. ಮೊದಲ ಬಹುಮಾನ ಮಾರಾಟವಾದ ಟಿಕೇಟಿಗೇ ಬರಬೇಕು, ಬರುವ ತನಕ ಚಕ್ರ ತಿರುಗಿಸುತ್ತಲೇ ಇರಬೇಕು. ಅದರಂತೆ ಮತ್ತೆ ಯುಮ್ಮಾನ ಮಂಚದ ಬಳಿ ಟ್ರೇ ಇಟ್ಟೆವು. ಸಂಗತಿ ಕೇಳಿದ ಯುಮ್ಮಾ ನನ್ನ ಕೆನ್ನೆ ಹಿಂಡಿ, "ಹರಾಮಿಯಾ!" ಎಂದರು, ಕಳ್ಳಿ ಎಂದು. ಮೊದಲ ಸಲ ಮುಚ್ಚಳ ತೆಗೆದರೆ ನಲವತ್ತೊಂದು. ನನ್ನ ಕಟ್ಟಿನದ್ದು. ಎರಡನೆಯ ಸಲ ತೊಂಬತ್ತು. ಅದೂ ನನ್ನ ಕಟ್ಟಿನದ್ದು. ದೇವರು ಬೇಕಂತಲೇ ನನ್ನನ್ನು ಚುಡಾಯಿಸುತ್ತಿದ್ದ. ಮೂರನೆಯ ಸಲ ಸೊನ್ನೆ ಬಂತು, ಆಮೇಲೆ ಆರು.

ಖುಬ್ಬೂಸಿನ ಟಿಕೇಟು! ಇಪ್ಪತ್ತಾರು ಡಬ್ಬಿಯ ಒಡತಿ ಹಣೆ ಚಚ್ಚಿಕೊಂಡಳು. ಅಕ್ಕನನ್ನು ಎಬ್ಬಿಸಿ ವಿಷಯ ತಿಳಿಸಬೇಕಾಯಿತು.

ಡಿಸೆಂಬರ್ ಮಧ್ಯದಲ್ಲಿ ಅಕ್ಕ ಊರಿಗೆ ಹೋದರು. ನಾನು ಬರುವುದಿಲ್ಲ, ರಜೆ ಕಾರ್ಕಳದ ಅಕ್ಕನಿಗೆ ಎಂದು ಮನೆಗೆ ಮೊದಲೇ ಹೇಳಿದ್ದೆ. ಕ್ರಿಸ್ಮಸ್ ದಿನ ನನಗೆ ಬೆಳಗಿನ ಡ್ಯೂಟಿ. ಬಾಕಿಯಿದ್ದ ನಾಲ್ಕು ಡಬ್ಬಿಯನ್ನು ಅವತ್ತೇ ತೀರಿಸಿದೆ. ನನ್ನ ಕೋಳಿ ಸುಕ್ಕ ತಿಂದ ಶಿರ್ವದವಳು, ಹೀಗೆ ಬೇಯಿಸುವವಳಿಗೆ ಕಳ್ಳತನವೇ ಸರಿ ಎಂದಳು. ಮನೆಗೆ ಫೋನು ಮಾಡಿದಾಗ ಪಪ್ಪನೂ ನಾನೂ ಹವಾಮಾನದ ಬಗ್ಗೆ ಮಾತಾಡಿದೆವು.

ಜನವರಿಯಲ್ಲಿ ಅಕ್ಕ ನಿದ್ದೆಯಿಂದ ಉಬ್ಬಿದ ಮುಖದೊಂದಿಗೆ ಮರಳಿದರು. "ನಿನ್ನ ಪಪ್ಪ ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದು ಇದನ್ನು ಕೊಟ್ಟರು. ನಾನು ಮಲಗಿದ್ದೆ, ಏಳುವ ತನಕ ಜಗಲಿಯಲ್ಲಿ ಕೂತಿದ್ದರು" ಎಂದು ಒಂದು ಪೊಟ್ಟಣ ಕೈಗಿಟ್ಟರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಹೊಸವರ್ಷದ ಬಂಪರ್ ಟಿಕೇಟುಗಳ ಕಟ್ಟು, ಮಡಚಿದ ಒಂದು ಪೇಪರ್ ಹಾಳೆ, ಜೊತೆಗೆ ಪಪ್ಪನ ದಪ್ಪಕ್ಷರದ ಚೀಟಿ. "ಐವತ್ತಾರು ಉಂಟು. ಎಲ್ಲದಕ್ಕೂ ದುಡ್ಡು ಕಟ್ಟಿದ್ದೇನೆ. ನಾವು ಇಲ್ಲಿ ಯಾರೂ ನೋಡಲಿಲ್ಲ. ನೀನೇ ನೋಡು."

ಗೋದಲಿಯ ಮುಂದೆ ಆ ಸಲ ಯಾರೂ ನಂಬರ್ ಓದಿರಲಿಲ್ಲ. ಲಿನನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ. ಆಮೇಲೆ ಹೊರಗೆ ಬಂದು ಟಿಕೇಟುಗಳನ್ನು ನಾಲ್ವರಿಗೂ ಹಂಚಿ, ಪೇಪರ್ ಹರಡಿ, ಕೊನೆಯಿಂದ ಓದಿದೆ. ಆಸೆ ನಿಧಾನವಾಗಿಯೇ ಸತ್ತಿತು. ಒಂದೇ ಒಂದಕ್ಕೆ, ಉಳ್ಳಾಲದವಳ ಕೈಯಲ್ಲಿದ್ದದ್ದಕ್ಕೆ, ಕೊನೆಯ ಎರಡಂಕಿ ಹೊಡೆದಿತ್ತು. ಐವತ್ತು ರೂಪಾಯಿ. ಆ ಟಿಕೇಟನ್ನು ಪಾಸ್‌ಪೋರ್ಟಿನ ಒಳಗಿಟ್ಟೆ.

ನನ್ನ ರಜೆ ಬಂದದ್ದು ಎಂದಿನಂತೆ ಆಗಸ್ಟಿನಲ್ಲಿ. ಆ ಹೊತ್ತಿಗೆ ರಾಜ್ಯದಲ್ಲಿ ಲಾಟರಿಯೇ ನಿಂತುಹೋಗಿತ್ತು. ಪಪ್ಪನ ಪೆಟ್ಟಿಗೆ ಅಂಗಡಿಯಲ್ಲಿ ಟಿಕೇಟಿನ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಕಾರ್ಡು, ಬಿಸ್ಕತ್ತು. ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ಸೀದಾ ಅಲ್ಲಿಗೆ ಹೋಗಿ ಆ ಟಿಕೇಟನ್ನು ಹಲಗೆಯ ಮೇಲಿಟ್ಟೆ. ಪಪ್ಪ ಕನ್ನಡಕ ಹಾಕಿಕೊಂಡರು. ನಂಬರ್ ನೋಡಿದರು, ತಾರೀಕು ನೋಡಿದರು.

"ಅವಧಿ ಮುಗಿದು ಆರು ತಿಂಗಳಾಯ್ತು" ಎಂದರು.

"ಗೊತ್ತುಂಟು."

ಅವರು ಟಿಕೇಟನ್ನು ತಿರುಗಿಸಿ, ಬಹುಮಾನ ಗೆದ್ದವರಿಂದ ಹಾಕಿಸುವ ಹಾಗೆ ಹಿಂಬದಿಯಲ್ಲಿ ನನ್ನ ಸಹಿ ಹಾಕಿಸಿಕೊಂಡು, ತಮ್ಮ ಅಂಗಿಯ ಜೇಬಿನಿಂದ ಐವತ್ತು ರೂಪಾಯಿ ತೆಗೆದು ನನ್ನ ಕೈಗೆ ಎಣಿಸಿದರು.