ಕುರುಗೋಡಿನ ಬಡಗಣ ಸಂದಿಯ ಕಲ್ಲುಹೂವು

ಮೊನ್ನೆ ಬಳ್ಳಾರಿಯ ಗೆಳೆಯನ ಮನೆಯಲ್ಲಿ ಮಸಾಲೆ ಹುರಿಯುವಾಗ ಕಲ್ಲುಹೂವಿನ ವಾಸನೆ ಹಬ್ಬಿತು. ತೊಯ್ದ ಬಂಡೆಯ, ಹಳೆಯ ಮರದ ವಾಸನೆ. ನಾನು ಎದ್ದು ಹೊರಗೆ ಬಂದೆ…

ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿ ಇಟ್ಟಿದ್ದ ನನ್ನ ತಾತ ನೆನಪಾದರು. ಅಡುಗೆಯ ಕಲ್ಲುಹೂವು ಅವರಿಗೆ ಘಟ್ಟದ ಕಡೆಯಿಂದ ಮೂಟೆಗಟ್ಟಲೆ ಬರುತ್ತಿತ್ತು. ಔಷಧಕ್ಕಾಗುವ ಬೂದುಬಣ್ಣದ್ದನ್ನು ಮಾತ್ರ ತಾವೇ ಹೋಗಿ ತರುತ್ತಿದ್ದರು. ನಮ್ಮ ಸುಡುವ ಸೀಮೆಯಲ್ಲಿ ಅದು ಉಳಿದಿದ್ದುದು ಎರಡೇ ಕಡೆ: ಕುರುಗೋಡು ಗುಡ್ಡದ ಬಿಸಿಲು ಕಾಣದ ಬಡಗಣ ಸಂದಿಯಲ್ಲಿ, ಮತ್ತು ಸಿರುಗುಪ್ಪದಾಚೆ ಹೊಳೆದಂಡೆಯ ಒಂದು ಬಂಡೆಯ ಮೇಲೆ. ಇಲ್ಲಿ ಕಾಡೂ ಮಂಜೂ ಇದ್ದ ಯಾವುದೋ ಕಾಲದ ಉಳಿಕೆ ಅದೆಂದು ಅವರು ನಂಬಿದ್ದರು. ಮದರಾಸಿನಲ್ಲಿ ಸಸ್ಯಶಾಸ್ತ್ರ ಓದಿದ ಮೇಲೆ ನಾನೂ ನಂಬಿದೆ.

ಒಮ್ಮೆ ರಜೆಯಲ್ಲಿ ನನ್ನನ್ನು ಕುರುಗೋಡಿಗೆ ಕರೆದೊಯ್ದರು. ಬಂಡೆಗೆ ನೀರು ಚಿಮುಕಿಸಿ, ಹೂವು ಮೆತ್ತಗಾಗುವವರೆಗೆ ಕುಳಿತು, ಅಂಚಿನಿಂದ ಒಂದು ಚಿಟಿಕೆ ಬಿಡಿಸಿಕೊಂಡರು. ನಡುವನ್ನು ಮುಟ್ಟಲಿಲ್ಲ. ನಾನು ಚಾಕು ತೆಗೆದೆ.

“ಒಳಗಿಡು ಲೇ! ನಿಮ್ಮಪ್ಪ ಹುಟ್ಟಿದಾಗಿಂದ ಇದು ಉಗುರಿನಷ್ಟು ಬೆಳದೈತಿ. ನೀ ಒಂದ್ ಗಳಿಗ್ಯಾಗ ಹೆರೀತೀಯೇನು, ದೊಡ್ಡ ಪಂಡಿತ?”

“ಎಲ್ಲೈತಿ ಅಂತ ಬರೆದು ಕೊಟ್ರ ಸರ್ಕಾರ ಕಾಪಾಡ್ತೈತಿ, ತಾತ.”

“ಬರೀಬ್ಯಾಡ. ಗೊತ್ತಿದ್ದೋರು ಕಮ್ಮಿ ಅದಾರ ಅಂತನ ಇದು ಉಳದೈತಿ.” ಆಮೇಲೆ ಬಂಡೆ ತಟ್ಟಿ, “ಸೀಳೋ ಕಲ್ಲಿನ ಮ್ಯಾಲ ಇದು ಕೂಡಂಗಿಲ್ಲ. ಗಟ್ಟಿ ಕಲ್ಲಾ ಬೇಕು ಇದಕ್ಕ” ಎಂದರು.

ನಾನು ಬರೆದೆ. ಸಂದಿಯ ನಕ್ಷೆ ಹಾಕಿ, ಈ ಹೂವು ಹಿಡಿದ ಕಲ್ಲು ಸೀಳುವುದಿಲ್ಲವೆಂಬ ಆ ಮಾತನ್ನೂ ಜಾಣತನದಿಂದ ಸೇರಿಸಿ, ರಕ್ಷಣೆ ಕೋರಿ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ. ಮರುವರ್ಷ ಬಂದವರು ಕಲ್ಲು ಒಡೆಯುವವರು. ಸೇತುವೆಯೊಂದಕ್ಕೆ ಗಟ್ಟಿ ಕಲ್ಲು ಬೇಕಾಗಿತ್ತು; ಆ ಸಂದಿಯ ಬಂಡೆಯನ್ನೇ ಹೂವಿನ ಸಮೇತ ಒಡೆದೊಯ್ದರು. ಮೇಸ್ತ್ರಿಯ ಕೈಯಲ್ಲಿ ನನ್ನದೇ ನಕ್ಷೆಯ ಪ್ರತಿಯಿತ್ತು.

ತಾತ ಬೈಯಲಿಲ್ಲ. ಔಷಧದ ಡಬ್ಬಿಯ ಮುಚ್ಚಳ ಹಾಕಿ, “ಅರ್ಜಿ ಬಾಳ ಚಂದ ಬರದಿದ್ದಿ ಅಂತ ಕಾಣ್ತೈತಿ” ಎಂದಷ್ಟೇ ಹೇಳಿದರು.

ಆ ಅರ್ಜಿಯನ್ನು ಓದಿದವರು ಯಾರು, ಮೇಸ್ತ್ರಿಗೆ ದಾಟಿಸಿದವರು ಯಾರು ಎಂದು ಕಚೇರಿಯನ್ನು ನಾಲ್ಕು ಸಲ ಕೇಳಿದ್ದೇನೆ. ದಣಿದಿದ್ದೇನೆ, ಆದರೂ ಐದನೆಯ ಸಲ ಕೇಳುತ್ತೇನೆ. ಆ ಹೆಸರು ಹೊರಬರಲೇಬೇಕು, ಅದರ ಪಕ್ಕದಲ್ಲಿ ನನ್ನದೂ.

ತಾತ ಹಾಸಿಗೆ ಹಿಡಿದಾಗ, ಹೊಳೆದಂಡೆಯ ಆ ಇನ್ನೊಂದು ಬಂಡೆ ಯಾವುದೆಂದು ಕೇಳಿದ್ದೆ. ಅವರು ನನ್ನ ಕೈಗಳನ್ನು ಬಹಳ ಹೊತ್ತು ನೋಡಿ, ಗೋಡೆಯ ಕಡೆ ಹೊರಳಿದರು…

ಗೆಳೆಯ ಊಟಕ್ಕೆ ಕರೆದ. ಹಸಿವಿಲ್ಲವೆಂದೆ. ಸಿರುಗುಪ್ಪದಾಚೆ ಅದು ಇದೆಯೋ ಇಲ್ಲವೋ, ನಾನು ಹುಡುಕಲು ಹೋಗಿಲ್ಲ.